ಎಂಟು ಜಾಗ, ಮೂರು ದಿನ: ಈ ಪ್ಲ್ಯಾನ್‌ಗೆ ನನ್ನ ವೋಟ್ ಇಲ್ಲ

1/7
ಎಕ್ಸಾಮ್ ಮುಗಿದ ಮೇಲೆ ಡಿಸೆಂಬರ್‌ನಲ್ಲಿ ಹೋಗೋ ಟ್ರಿಪ್‌ಗೆ ಕ್ಲಾಸ್ ಗ್ರೂಪಲ್ಲಿ ಬಿದ್ದಿರೋ ಪ್ಲ್ಯಾನ್ ನೋಡಿದ್ರಾ? ಚಿತ್ರದುರ್ಗ, ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ದಾಂಡೇಲಿ, ಗೋಕರ್ಣ, ಜೋಗ. ಮೂರೇ ದಿನ. ಕೆಳಗೆ ಎಲ್ಲರೂ ಬೆಂಕಿ ಇಮೋಜಿ ಹಾಕಿದ್ದಾರೆ. ಕ್ಷಮಿಸಿ, ನಾನು ಹಾಕಲ್ಲ. ಇದು ಪ್ರವಾಸ ಅಲ್ಲ, ಹಾಜರಿ ಪುಸ್ತಕ. ಬೈಯೋಕೆ ಮುಂಚೆ ಏಳನ್ನೂ ಓದಿ.

2/7
ಮೊದಲು ಲೆಕ್ಕ. ಇಷ್ಟೂ ಸುತ್ತಿ ಬೆಂಗಳೂರಿಗೆ ವಾಪಸ್ ಬಂದ್ರೆ 1,300 ಕಿ.ಮೀ. ದಾಟುತ್ತೆ. ಘಾಟಿ, ಊರೊಳಗಿನ ಹಂಪು, ಟ್ರಾಫಿಕ್ ಎಲ್ಲಾ ಸೇರಿ ಗಂಟೆಗೆ ಸರಾಸರಿ 50 ಅಂದ್ಕೊಳ್ಳಿ. ಅಲ್ಲಿಗೆ ಸೀಟಲ್ಲೇ 26 ಗಂಟೆ. ದಿನಕ್ಕೆ ಏಳು ಗಂಟೆ ನಿದ್ದೆ, 21. ಊಟ, ಚಹಾ, ಪೆಟ್ರೋಲ್, ಬಾತ್‌ರೂಮ್, ಫೋನ್ ಮರೆತು ಬಂದವನಿಗೆ ಕಾಯೋದು ಸೇರಿ 9. 72ರಲ್ಲಿ ಉಳಿಯೋದು 16. ಎಂಟು ಜಾಗಕ್ಕೆ ಹಂಚಿದ್ರೆ ಒಂದೊಂದಕ್ಕೆ ಎರಡು ಗಂಟೆ. ಅದರಲ್ಲೂ ಒಂದಷ್ಟು ಕತ್ತಲಲ್ಲಿ ಬರುತ್ತೆ, ಕತ್ತಲಲ್ಲಿ ಸ್ಮಾರಕಗಳ ಗೇಟ್ ತೆರೆದಿರಲ್ಲ. ರೀಲ್‌ನಲ್ಲಿ ಈ ಲೆಕ್ಕ ತೋರ್ಸಲ್ಲ ಗುರು. ಅಲ್ಲಿ ಕಾರು ಒಂದು ಕಟ್‌ನಲ್ಲಿ ಹಂಪಿಯಿಂದ ಗೋಕರ್ಣಕ್ಕೆ ಹಾರುತ್ತೆ.

3/7
ಈ ಫೋಟೋ ಹೋದ ವರ್ಷದ್ದು. ನೆನಪಿದೆಯಾ, "ಐಹೊಳೆ" ಅಂತ ಬರೆದು ಹಾಕಿದ್ದೆ. ಇದು ಐಹೊಳೆ ಅಲ್ಲ, ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ. ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ್ದು. ಅಲ್ಲಿ ನಾವಿದ್ದದ್ದು ಇಪ್ಪತ್ತು ನಿಮಿಷ. ಎಲ್ಲಿದ್ದೀನಿ ಅಂತಲೇ ಗೊತ್ತಿಲ್ಲದೆ ಪೋಸ್ ಕೊಟ್ಟಿದ್ದೆ. 312 ಲೈಕ್, ಒಬ್ಬರೂ ತಪ್ಪು ಹಿಡೀಲಿಲ್ಲ.

ಇದು ನಗೋ ವಿಷಯ. ನಗು ಬಾರದ್ದು ಇನ್ನೊಂದಿದೆ. ಅದೇ ಟ್ರಿಪ್ಪಲ್ಲಿ ರಾತ್ರಿ ಎರಡಕ್ಕೆ, ಚಿತ್ರದುರ್ಗ ದಾಟಿದ ಮೇಲೆ, ಗಾಡಿ ಓಡಿಸ್ತಿದ್ದವನ ಕಣ್ಣು ಮುಚ್ಚಿತು. ನಾವು ನಾಲ್ಕೂ ಜನ ಮಲಗಿದ್ವಿ. ಎದ್ದಿದ್ದು ಟೈರ್ ರಸ್ತೆಯಂಚಿನ ಜಲ್ಲಿಗೆ ಇಳಿದ ಸದ್ದಿಗೆ. ಸ್ವಲ್ಪ ಮುಂದೆ ಲೈಟಿಲ್ಲದೆ ನಿಂತ ಲಾರಿ. ಇವತ್ತಿನವರೆಗೂ ಯಾರ ಮನೇಲೂ ಹೇಳಿಲ್ಲ. ಅವನದ್ದು ತಪ್ಪು ಅಂತ ನಾನು ಒಪ್ಪಲ್ಲ. ಬೆಳಗ್ಗೆಯೊಳಗೆ ಹಂಪಿ ಮುಟ್ಲೇಬೇಕು ಅಂತ ಪ್ಲ್ಯಾನ್ ಬರೆದವಳು ನಾನು.

4/7
ಹಾಗಾದ್ರೆ ಏನ್ ಮಾಡೋಣ? ಎರಡೇ ಊರು: ಹಂಪಿ, ಬಾದಾಮಿ. ಮೂರರ ಬದಲು ನಾಲ್ಕು ದಿನ.
ದಿನ 1: ಬೆಳಗಿನ ಜಾವ ಐದಕ್ಕೆ ಹೊರಟು, ದಾರೀಲಿ ತಿಂಡಿ, ಮಧ್ಯಾಹ್ನ ಹಂಪಿ. ಸಂಜೆ ಹೇಮಕೂಟ, ಸುಮ್ನೆ ಕೂರೋದು.
ದಿನ 2: ಬೆಳಗ್ಗೆ ಹಂಪಿ, ಮಧ್ಯಾಹ್ನದ ಮೇಲೆ ಬಾದಾಮಿಗೆ ಸುಮಾರು 145 ಕಿ.ಮೀ.
ದಿನ 3: ಗುಹೆಗಳು, ಬನಶಂಕರಿ, ಪಟ್ಟದಕಲ್ಲು. ಹೊತ್ತಿದ್ರೆ ಐಹೊಳೆ, ಇಲ್ಲದಿದ್ರೆ ಇಲ್ಲ.
ದಿನ 4: ಬೆಳಗ್ಗೆ ಆರಕ್ಕೆ ಹೊರಟು ಮನೆ.
ನಾಲ್ಕನೇ ದಿನ ಸಿಗಲ್ವಾ? ಬಾದಾಮಿಯನ್ನೇ ಬಿಡೋಣ. ನಿದ್ದೆಯಲ್ಲಿ ಮಾತ್ರ ಕಡಿತ ಬೇಡ.

5/7
ಇನ್ನು ಎಲ್ಲರೂ ನಕ್ಕಿದ್ದ ವಿಷಯ: ಇ-ಸೈಕಲ್. ಕಾರಿನ ಹಿಂದೆ ಕ್ಯಾರಿಯರ್ ಹಾಕಿ ಎರಡು ಸೈಕಲ್ ಒಯ್ಯೋಣ, ಸರದಿಯಲ್ಲಿ ತುಳಿಯೋಣ. ಹಂಪಿ ಬಜಾರ್‌ನಿಂದ ಕಮಲಾಪುರದ ಕಡೆ ನಾಲ್ಕೈದು ಕಿ.ಮೀ. ದಾರಿ ಇದೆಯಲ್ಲ, ಅಲ್ಲೇ ಕಡಲೆಕಾಳು ಗಣೇಶ, ಕೃಷ್ಣ ದೇವಸ್ಥಾನ, ಉಗ್ರನರಸಿಂಹ, ಬಡವಿಲಿಂಗ ಒಂದರ ಹಿಂದೊಂದು ಸಿಗ್ತಾವೆ. ಕಾರಲ್ಲಿ ಪ್ರತಿಯೊಂದಕ್ಕೂ ಪಾರ್ಕಿಂಗ್ ಹುಡುಕಬೇಕು. ಸೈಕಲ್ಲಲ್ಲಿ ಕಾಲು ಕೆಳಗಿಟ್ರೆ ಆಯ್ತು. ಬಾದಾಮಿಯಿಂದ ಬನಶಂಕರಿಗೂ ಐದೇ ಕಿ.ಮೀ. ಅಲ್ಲಿ ಬುಟ್ಟಿ ಇಟ್ಕೊಂಡು ಕೂತ ಅಮ್ಮಂದಿರ ಹತ್ರ ಜೋಳದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಸಿಗುತ್ತೆ. ತಿಂದು ನಿಧಾನಕ್ಕೆ ವಾಪಸ್ ಬರೋಣ.

ಕೆಲವು ಮಾತು ಮೊದಲೇ ಹೇಳ್ತೀನಿ. ಮೋಟರ್ 250 ವ್ಯಾಟ್‌ಗಿಂತ ಕಡಿಮೆ, ವೇಗ 25 ಕಿ.ಮೀ. ಒಳಗಿದ್ರೆ ಲೈಸೆನ್ಸ್ ಬೇಡ, ಆದ್ರೆ ಹೆಲ್ಮೆಟ್ ಬೇಕೇ ಬೇಕು. ಹೈವೇಗೆ ಇಳಿಸೋ ಹಾಗಿಲ್ಲ. ಕಂಪನಿ ಹೇಳೋ ಮೈಲೇಜ್‌ನ ಅರ್ಧ ಮಾತ್ರ ನಂಬಿ. ಬಿಸಿಲಲ್ಲಿ ನಿಂತ ಕಾರಲ್ಲಿ ಬ್ಯಾಟರಿ ಬಿಡಬೇಡಿ. ಲಾಡ್ಜಲ್ಲಿ ಚಾರ್ಜ್‌ಗೆ ಹಾಕೋ ಮುಂಚೆ ಕೇಳಿ, ಕರೆಂಟ್ ದುಡ್ಡು ಕೊಡಿ. ಕ್ಯಾರಿಯರ್‌ನಿಂದ ಕಾರಿನ ನಂಬರ್ ಪ್ಲೇಟ್ ಮುಚ್ಚಬಾರದು. ಹಾಗೇ "ಪರಿಸರ ಉಳಿಸಿದ್ವಿ" ಅಂತ ಕ್ಯಾಪ್ಷನ್ ಹಾಕಬೇಡಿ. ಮಿಕ್ಕ 1,000 ಕಿ.ಮೀ. ಪೆಟ್ರೋಲ್ ಸುಟ್ಕೊಂಡೇ ಹೋಗ್ತಿರೋದು.

6/7
"ಮೋಟರ್ ಇರೋ ಸೈಕಲ್ ಸೋಮಾರಿಗಳಿಗೆ, ದಮ್ ಇದ್ರೆ ತುಳಿ ಮಗಾ" ಅಂದವನಿಗೆ: ನಮ್ಮ ಜೊತೆಗಿರೋ ಒಬ್ಬಳಿಗೆ ಉಬ್ಬಸ ಇದೆ. ಹೋದ ವರ್ಷ ಎಲ್ಲಾ ಕಡೆ "ನೀವು ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೋತೀನಿ" ಅಂದು ಕಾರಲ್ಲೇ ಕೂತಳು. ನಾವೂ ಸರಿ ಅಂದ್ವಿ. ಹೊಸಪೇಟೆ, ಬಾದಾಮಿಯ ಪಾರ್ಕಿಂಗ್ ಜಾಗ ಅವಳಷ್ಟು ಚೆನ್ನಾಗಿ ಯಾರೂ ನೋಡಿಲ್ಲ. ಏರಲ್ಲಿ ಮೋಟರ್ ಸ್ವಲ್ಪ ತಳ್ಳಿದ್ರೆ ಅವಳೂ ನಮ್ಮ ಜೊತೆ ಬರ್ತಾಳೆ. ಇದಕ್ಕಿಂತ ದೊಡ್ಡ ದಮ್ ನನಗೆ ಬೇಡ.

"ಪ್ಲೇಸ್‌ಮೆಂಟ್ ಆದ್ಮೇಲೆ ಮತ್ತೆ ಯಾವಾಗ ಹೋಗ್ತೀವಿ, ಈಗಲೇ ಎಲ್ಲಾ ನೋಡ್ಬಿಡೋಣ" ಅನ್ನೋರಿಗೆ: ಪಟ್ಟದಕಲ್ಲು ಸುಮಾರು 1,300 ವರ್ಷದಿಂದ ಅಲ್ಲೇ ನಿಂತಿದೆ, ಇನ್ನೆರಡು ವರ್ಷಕ್ಕೆ ಎಲ್ಲೂ ಹೋಗಲ್ಲ. ಜೋಗಕ್ಕೆ ಮಳೆಗಾಲದಲ್ಲಿ ಹೋಗೋಣ, ಡಿಸೆಂಬರ್‌ನಲ್ಲಿ ನೀರು ಹುಡುಕಿಕೊಂಡು ಹೋಗೋದ್ಯಾಕೆ? ಆದ್ರೆ ರಾತ್ರಿ ಎರಡು ಗಂಟೆಯ ರಸ್ತೆ ನಮಗೆ ಪ್ರತಿ ಸಲವೂ ಜಲ್ಲಿ ಸದ್ದು ಕೇಳಿಸಿ ಎಬ್ಬಿಸುತ್ತೆ ಅಂತ ಗ್ಯಾರಂಟಿ ಇಲ್ಲ.

7/7
ನಾಳೆ ರಾತ್ರಿ ವೋಟಿಂಗ್. ನಾನು ಸೋತರೂ ಟ್ರಿಪ್‌ಗೆ ಬರ್ತೀನಿ, ನಿಮ್ಮನ್ನ ಬಿಟ್ಟು ಎಲ್ಲಿ ಹೋಗ್ಲಿ? ಆದ್ರೆ ಒಂದು ಷರತ್ತು, ಯಾವ ಪ್ಲ್ಯಾನ್ ಗೆದ್ದರೂ ಸರಿ: ರಾತ್ರಿ ಹತ್ತರ ಮೇಲೆ ಗಾಡಿ ಓಡಬಾರದು. ಇದಕ್ಕೂ "ಬೋರ್" ಅನ್ನೋರು ಕಾಮೆಂಟಲ್ಲಿ ಬನ್ನಿ, ಅಲ್ಲೇ ಜಗಳ ಆಡೋಣ.

#ಎರಡೇಊರು #ನಿಧಾನಟ್ರಿಪ್ #ಇಸೈಕಲ್ #ಹಂಪಿಬಾದಾಮಿ