ಡಾಕ್ಟರ್ ಸೀಟು: ಅಂಕ ಕೇಳಿದರು, ಮಾತು ಕೇಳಲಿಲ್ಲ

ಫಲಿತಾಂಶ ಬಂತೆಂದರೆ ಶಿಕಾರಿಪುರ, ಸೊರಬದ ಮನೆಗಳಲ್ಲಿ ಒಂದೇ ಮಾತು: ನೀಟ್‌ನಲ್ಲಿ 720ಕ್ಕೆ ಎಷ್ಟು ಬಂತು? ಅದೇ ಜಾತಕ. ಎಂಬಿಬಿಎಸ್‌ಗೆ ಸಂದರ್ಶನ ಇಲ್ಲ. ‘ರೋಗಿ ಹೀಗಂದರೆ ನೀನೇನು ಮಾಡ್ತೀಯಪ್ಪಾ?’ ಅಂತ ಯಾರೂ ಕೇಳೋದಿಲ್ಲ.

ಸಂದರ್ಶನ ಇದ್ದ ಕಾಲವೇನೂ ಸುಭಿಕ್ಷವಾಗಿರಲಿಲ್ಲ ಬಿಡಿ. 1963ರಲ್ಲಿ ಮೈಸೂರು ಸರ್ಕಾರ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿತು. ಅಳೆಯುವುದೇನು? ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟೋಟ, ಚರ್ಚೆ, ನಾಟಕ! ಗದ್ದೆ ಬದುವಿನ ಮೇಲೆ ನಡೆದು ಶಾಲೆಗೆ ಹೋದ ಹುಡುಗ ಇವನ್ನೆಲ್ಲ ಎಲ್ಲಿಂದ ತರಬೇಕು? ತಕರಾರು ಕೋರ್ಟಿಗೆ ಹೋಯಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂದರ್ಶನವೆಂಬ ಪದ್ಧತಿಯೇ ತಪ್ಪಲ್ಲ ಅಂದಿತು. 1981ರಲ್ಲಿ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರಕರಣದಲ್ಲಿ ಮೂರರಲ್ಲೊಂದು ಪಾಲು ಅಂಕ ಬಾಯಿಮಾತಿಗೆ ಕೊಡುವುದು ಅತಿಯಾಯಿತು, ಶೇ. 15 ಮೀರಬಾರದು ಎಂದಿತು. 1994ರಲ್ಲಿ ನಮ್ಮಲ್ಲಿ ಸಿಇಟಿ ಬಂತು, ವಶೀಲಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಒಳ್ಳೆಯದೇ ಆಯಿತು.

ಆದರೆ ಬಾಗಿಲ ಜೊತೆ ಪ್ರಶ್ನೆಯೂ ಹೊರಗುಳಿಯಿತಲ್ಲ!

ಒಂದು ಸಂದರ್ಭ ನೋಡಿ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಫೆಬ್ರವರಿ ತಿಂಗಳು. ದರಗು ತರಲು ಕಾಡಿಗೆ ಹೋಗಿದ್ದವನು ಜ್ವರ ಹೊತ್ತು ಬಂದಿದ್ದಾನೆ. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಹೋಗು ಅಂದರೆ ‘ಒಂದು ಸೂಜಿ ಚುಚ್ಚಿ ಕಳಿಸಿ ಸಾರ್’ ಅಂತಾನೆ. ಏನು ಮಾಡ್ತೀರಿ?

‘ಬೈದು ಕಳಿಸ್ತೀನಿ’ ಅಂದವನು ಫೇಲು. ‘ಅವನಿಷ್ಟ’ ಅಂದವನೂ ಫೇಲೇ. ಮೊದಲು ಯಾಕೆ ಒಲ್ಲೆ ಅಂತಾನೆ ಕೇಳಬೇಕು. ಬಸ್ ಚಾರ್ಜಿಗೆ ಕಾಸಿಲ್ಲವೋ, ಕೊಟ್ಟಿಗೆಯಲ್ಲಿ ಕರು ಹಾಕುವ ದನವಿದೆಯೋ, ಭಯವೋ? ಆಮೇಲೆ ಅಪಾಯವನ್ನು ಅವನ ಮಾತಲ್ಲೇ ಹೇಳಬೇಕು. ರಕ್ತಪರೀಕ್ಷೆಗೆ ಒಪ್ಪಿಸಬೇಕು, ಮೇಲಿನ ವೈದ್ಯರಿಗೆ ತಿಳಿಸಬೇಕು. ಆದರೂ ಒಪ್ಪದಿದ್ದರೆ ಬಲವಂತವಿಲ್ಲ, ನಾಳೆ ಮತ್ತೆ ವಿಚಾರಿಸುವುದು. ಇದಕ್ಕೆ ಇಂಗ್ಲಿಷ್ ಬೇಡ, ಟೈ ಬೇಡ. ಮನೆಯಲ್ಲಿ ಕಾಯಿಲೆ ಕಂಡ ಹಳ್ಳಿ ಹುಡುಗಿಗೆ ಪೇಟೆಯವರಿಗಿಂತ ಚೆನ್ನಾಗಿಯೇ ಗೊತ್ತು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಹುಟ್ಟುಹಾಕಿದ ಪದ್ಧತಿಯಲ್ಲಿ ಅಭ್ಯರ್ಥಿ ಕೋಣೆಯಿಂದ ಕೋಣೆಗೆ ಹೋಗಿ ಇಂಥ ಸಂದರ್ಭಗಳಿಗೆ ಉತ್ತರಿಸಬೇಕು. ಪ್ರತಿ ಕೋಣೆಯಲ್ಲೂ ಬೇರೆ ಪರೀಕ್ಷಕ. ಒಬ್ಬನ ಮರ್ಜಿ ನಡೆಯುವುದಿಲ್ಲ. ಇಂಗ್ಲೆಂಡಿನ ಅನೇಕ ಕಾಲೇಜುಗಳಲ್ಲೂ ಇದೇ. ನಮ್ಮಲ್ಲಿ 2019ರಿಂದ ನೀತಿ, ಸಂವಹನದ ಪಾಠ ಎಂಬಿಬಿಎಸ್‌ಗೆ ಸೇರಿದೆ. ಆದರೆ ಸೀಟು ಸಿಕ್ಕಮೇಲೆ!

ಸಂದರ್ಶನ ವಾಪಸು ತನ್ನಿ ಅಂತ ನಾವು ಹೇಳುತ್ತಿಲ್ಲ. ತಂದರೆ ವಶೀಲಿಯೂ ಹಿಂದೆಯೇ ಬಂದೀತು. ನಮ್ಮೆರಡು ತಾಲೂಕಿನ ಪಿಯು ಕಾಲೇಜುಗಳಲ್ಲಿ ವಾರಕ್ಕೊಂದು ಪೀರಿಯಡ್ ಇಂಥ ಪ್ರಶ್ನೆ ಹಾಕಿ, ಕನ್ನಡದಲ್ಲೇ ಉತ್ತರ ಹೇಳಿಸಿ. ಖರ್ಚೇನೂ ಇಲ್ಲ. ನಾಳೆ ಜ್ವರ ಹೊತ್ತು ಬರುವವನು ಡಾಕ್ಟರ ನೀಟ್ ಅಂಕ ಕೇಳುವುದಿಲ್ಲ ಸ್ವಾಮಿ, ತನ್ನ ಮಾತು ಕೇಳಿಸಿಕೊಳ್ತಾರಾ ಅಂತ ನೋಡ್ತಾನೆ.