ಸೈಕಲ್ ಸವಾರನ ಪ್ರಾಣ, ಚಾಲಕನ ಹೊಣೆ

2024ರ ಫೆಬ್ರವರಿ 28ರ ಬೆಳಗಿನ ಜಾವ, ಇನ್ನೂ ಆರು ಗಂಟೆಯಾಗುವ ಮುನ್ನವೇ, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಜೊತೆಗಾರರೊಡನೆ ಸೈಕಲ್ ಸವಾರಿ ಮಾಡುತ್ತಿದ್ದ 68 ವರ್ಷದ ಅವತಾರ್ ಸೈನಿ ಅವರಿಗೆ ಹಿಂದಿನಿಂದ ವೇಗವಾಗಿ ಬಂದ ಟ್ಯಾಕ್ಸಿಯೊಂದು ಡಿಕ್ಕಿ ಹೊಡೆಯಿತು. ಅವರು ಬದುಕಿ ಉಳಿಯಲಿಲ್ಲ. ಇಂಟೆಲ್ ಸಂಸ್ಥೆಯ ಭಾರತ ವಿಭಾಗದ ಮುಖ್ಯಸ್ಥರಾಗಿದ್ದ, ಪೆಂಟಿಯಮ್ ಪ್ರೊಸೆಸರಿನ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದ್ದ ತಂತ್ರಜ್ಞರು ಅವರಾಗಿದ್ದುದರಿಂದ ಸುದ್ದಿ ದೇಶದ ಎಲ್ಲೆಡೆ ಪ್ರಕಟವಾಯಿತು. ಇದಕ್ಕೂ ಹಿಂದೆ, 2013ರ ಅಕ್ಟೋಬರಿನಲ್ಲಿ, ದೆಹಲಿಯ ಏಮ್ಸ್ ಆಸ್ಪತ್ರೆಯ ಸಮೀಪ ಪರಿಸರ ಚಿಂತಕಿ ಸುನೀತಾ ನಾರಾಯಣ್ ಅವರ ಸೈಕಲ್ಲಿಗೆ ಕಾರೊಂದು ಡಿಕ್ಕಿ ಹೊಡೆದು ನಿಲ್ಲದೆ ಹೋಗಿತ್ತು. ದಾರಿಹೋಕರೊಬ್ಬರು ಅವರನ್ನು ಆಸ್ಪತ್ರೆಗೆ ಸೇರಿಸಿದ್ದರಿಂದ ಅವರು ಚೇತರಿಸಿಕೊಂಡರು.

ಈ ಎರಡೂ ಹೆಸರುಗಳು ನಾಡಿಗೆ ಪರಿಚಿತವಾದವು. ಆದರೆ ಹೆಸರಿಲ್ಲದೆ ಹೋಗುವವರ ಸಂಖ್ಯೆ ಎಷ್ಟು? ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವರಲ್ಲಿ ನೂರಕ್ಕೆ ಸುಮಾರು ಮೂವರು ಸೈಕಲ್ ಸವಾರರು. ಅಂದರೆ ಒಂದು ವರ್ಷದಲ್ಲಿ ಸುಮಾರು 4,800 ಜೀವಗಳು, ದಿನವೊಂದಕ್ಕೆ ಹದಿಮೂರು. ಇವರ ಪೈಕಿ ಬಹುತೇಕರ ಸಾವು ಸ್ಥಳೀಯ ಪತ್ರಿಕೆಯ ಒಳಪುಟದ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುತ್ತದೆ.

ಈ ಸವಾರರು ಯಾರು ಎಂಬುದನ್ನು ನಾವು ಮೊದಲು ಗಮನಿಸಬೇಕು. 2011ರ ಜನಗಣತಿಯ ಪ್ರಕಾರ ದೇಶದ ನೂರರಲ್ಲಿ ಸುಮಾರು 45 ಕುಟುಂಬಗಳಲ್ಲಿ ಸೈಕಲ್ ಇತ್ತು. ಕೃಷಿಯೇತರ ದುಡಿಮೆಯಲ್ಲಿರುವವರಲ್ಲಿ ನೂರಕ್ಕೆ ಹದಿಮೂರು ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ಮಹಾನಗರಗಳಲ್ಲಿ ಬೆಳಗಿನ ಪತ್ರಿಕೆಯನ್ನು ಬಾಗಿಲಿಗೆ ತಲುಪಿಸುವ ಹುಡುಗ, ಹಾಲಿನವನು, ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರ, ಮುಂಬಯಿಯ ಡಬ್ಬಾವಾಲಾ, ಕಟ್ಟಡ ಕಾಮಗಾರಿಗೆ ಹೊರಟ ಕೂಲಿಕಾರ - ಇವರೆಲ್ಲ ಹವ್ಯಾಸಕ್ಕಾಗಿ ಸೈಕಲ್ ತುಳಿಯುವವರಲ್ಲ. ಕಲಬುರಗಿ, ಯಾದಗಿರಿಗಳಿಂದ ಪುಣೆ, ಮುಂಬಯಿಗಳಿಗೆ ದುಡಿಮೆಯನ್ನರಸಿ ಬಂದ ನಮ್ಮ ನಾಡಿನವರೂ ಇವರ ನಡುವೆ ಇದ್ದಾರೆ. ಇನ್ನೊಂದೆಡೆ ವೈದ್ಯರ ಸಲಹೆಯಂತೆ ಮುಂಜಾನೆ ಸೈಕಲ್ ಹಿಡಿಯುವ ನಮ್ಮದೇ ಕುಟುಂಬಗಳ ಹಿರಿಯರೂ, ಟ್ಯೂಷನ್ನಿಗೆ ಹೋಗುವ ಮಕ್ಕಳೂ ಇದ್ದಾರೆ. ರಸ್ತೆಯ ಮೇಲೆ ಇವರೆಲ್ಲರ ಪ್ರಾಣಕ್ಕೂ ಇರುವ ರಕ್ಷಣೆ ಒಂದೇ - ಹಿಂದಿನಿಂದ ಬರುತ್ತಿರುವ ವಾಹನ ಚಾಲಕನ ಎಚ್ಚರ.

ಹಾಗಾದರೆ ಸೈಕಲ್ಲಿಗೆ ಪ್ರತ್ಯೇಕ ಪಥವನ್ನೇ ನಿರ್ಮಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಆ ಪ್ರಯತ್ನಗಳು ನಡೆಯದೆ ಇಲ್ಲ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 2008ರಲ್ಲಿ ಆರಂಭವಾದ ಬಿಆರ್‌ಟಿ ಮಾರ್ಗದಲ್ಲಿ ಸೈಕಲ್ಲಿಗೆಂದೇ ಜಾಗ ಮೀಸಲಾಗಿತ್ತು. ಆದರೆ ಮೋಟಾರ್ ಸೈಕಲ್ಲುಗಳು ಅದನ್ನು ಒಳದಾರಿಯಾಗಿ ಬಳಸಿಕೊಂಡವು. ಇಡೀ ಮಾರ್ಗವೇ 2016ರಲ್ಲಿ ರದ್ದಾಯಿತು. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕುಲದಲ್ಲಿ 2011ರಲ್ಲಿ ತೆರೆದ ಸೈಕಲ್ ಪಥ ಬಳಕೆಯಿಲ್ಲದೆ ಸೊರಗಿ, ವಾಹನ ನಿಲುಗಡೆಯ ಪಾಲಾಯಿತು. ಒಂದು ಕಾಲಕ್ಕೆ ಸೈಕಲ್ಲುಗಳ ನಗರಿ ಎಂದೇ ಹೆಸರಾಗಿದ್ದ ಪುಣೆಯಲ್ಲಿ ಮಹಾನಗರ ಪಾಲಿಕೆ 2017ರಲ್ಲಿ ಸಮಗ್ರ ಸೈಕಲ್ ಯೋಜನೆಗೆ ಒಪ್ಪಿಗೆ ನೀಡಿತು. ಅದೇ ಹೊತ್ತಿಗೆ ಬಾಡಿಗೆ ಸೈಕಲ್ಲುಗಳೂ ಬಂದವು. ಕೆಲವೇ ವರ್ಷಗಳಲ್ಲಿ ಅವು ಬೀದಿಗಳಿಂದ ಕಣ್ಮರೆಯಾದವು. ಕೋಲ್ಕತ್ತಾದಲ್ಲಂತೂ 2013ರಲ್ಲಿ 174 ರಸ್ತೆಗಳಲ್ಲಿ ಸೈಕಲ್ಲನ್ನೇ ನಿಷೇಧಿಸಲಾಗಿತ್ತು. ಅಪಾಯ ತಂದೊಡ್ಡುವವರನ್ನು ನಿಯಂತ್ರಿಸುವ ಬದಲು ಅಪಾಯಕ್ಕೆ ಒಳಗಾಗುವವರನ್ನು ಹೊರಗಟ್ಟುವ ನೀತಿ ಇದು.

ಇವುಗಳಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಪಥಗಳು ಬೇಕು, ಆದರೆ ಪಥವಿರುವ ರಸ್ತೆಯಲ್ಲೂ ಅಡ್ಡರಸ್ತೆ, ವೃತ್ತ, ಸೇತುವೆಗಳ ಬಳಿ ಸೈಕಲ್ ಸವಾರ ಇತರ ವಾಹನಗಳ ನಡುವೆಯೇ ಸಾಗಬೇಕಾಗುತ್ತದೆ. ಚಾಲಕರಲ್ಲಿ ಸಂಯಮವಿಲ್ಲದಿದ್ದರೆ ಪಥವೂ ಉಳಿಯುವುದಿಲ್ಲ ಎಂಬುದನ್ನು ದೆಹಲಿ, ಮುಂಬಯಿಗಳು ತೋರಿಸಿಕೊಟ್ಟಿವೆ. ಆದ್ದರಿಂದ ಹಂಚಿಕೊಂಡ ರಸ್ತೆಯ ಪ್ರಶ್ನೆ ಕೊನೆಗೆ ಚಾಲಕನ ಹೊಣೆಗಾರಿಕೆಯ ಪ್ರಶ್ನೆಯಾಗಿಯೇ ನಿಲ್ಲುತ್ತದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಹಾಗೂ ಅಂಗವಿಕಲರ ಸುರಕ್ಷತೆಗೆ ಚಾಲಕನು ವಿಶೇಷ ಎಚ್ಚರಿಕೆ ವಹಿಸತಕ್ಕದ್ದೆಂದು ವಿಧಿಸಿವೆ. ಸೈಕಲ್ ಪಥದ ಮೇಲೆ ವಾಹನ ನಿಲ್ಲಿಸುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ಸೆಕ್ಷನ್ ಕೆಂಪು ದೀಪ ದಾಟುವುದನ್ನೂ, ಮೊಬೈಲ್ ಕೈಯಲ್ಲಿ ಹಿಡಿದು ಚಾಲನೆ ಮಾಡುವುದನ್ನೂ, ನಿಯಮ ಮೀರಿ ಹಿಂದಿಕ್ಕುವುದನ್ನೂ ಅಪಾಯಕಾರಿ ಚಾಲನೆಯೆಂದು ಪರಿಗಣಿಸಿದೆ. ಅಂದರೆ ಡಿಕ್ಕಿ ಸಂಭವಿಸುವ ಮೊದಲೇ ಅಪರಾಧ ಘಟಿಸಿರುತ್ತದೆ. ದುರದೃಷ್ಟವಶಾತ್ ನಮ್ಮ ಸಮಾಜ ಡಿಕ್ಕಿಯನ್ನು ಮಾತ್ರ ಕಾಣುತ್ತದೆ, ಅದಕ್ಕೆ ಹಿನ್ನೆಲೆಯಾದ ನಿತ್ಯದ ಅಜಾಗರೂಕತೆಯನ್ನು ಕಾಣುವುದಿಲ್ಲ.

ಈ ಅಜಾಗರೂಕತೆಯ ರೂಪಗಳು ಕೆಲವೇ. ಒಂದು, ಕತ್ತಲಿನಲ್ಲಿ ಅಥವಾ ಖಾಲಿ ರಸ್ತೆಯಲ್ಲಿ ಅತಿವೇಗದಿಂದ ಹಿಂದಿನಿಂದ ಬಂದು ಬಡಿಯುವುದು. ಎರಡು, ಸೈಕಲ್ಲಿಗೆ ತಾಗುವಂತೆ ಪಕ್ಕದಲ್ಲೇ ಹಿಂದಿಕ್ಕುವುದು. ಮೂರು, ರಸ್ತೆಯ ಎಡಬದಿಯಲ್ಲಿ ಸಾಗುತ್ತಿರುವ ಸವಾರನನ್ನು ಲೆಕ್ಕಿಸದೆ ಬಸ್ಸು, ಲಾರಿಗಳು ಎಡಕ್ಕೆ ತಿರುಗುವುದು. ನಾಲ್ಕು, ನಿಂತ ಕಾರಿನ ಬಾಗಿಲನ್ನು ಹಿಂದೆ ನೋಡದೆ ತೆರೆಯುವುದು. ಈ ನಾಲ್ಕರಲ್ಲಿ ಯಾವುದೂ ವಿಧಿಯಾಟವಲ್ಲ. ಪ್ರತಿಯೊಂದೂ ಕ್ಷಣಕಾಲದ ತಾಳ್ಮೆಯಿಂದ ತಪ್ಪಿಸಬಹುದಾದದ್ದು.

ವೇಗದ ವಿಷಯವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಕಾರು, ಚಾಲಕ ಅಪಾಯವನ್ನು ಗುರುತಿಸಿ ಬ್ರೇಕ್ ಒತ್ತಲು ತಗಲುವ ಒಂದು ಸೆಕೆಂಡನ್ನೂ ಸೇರಿಸಿಕೊಂಡರೆ, ಒಣ ರಸ್ತೆಯಲ್ಲಿ ಸುಮಾರು 13 ಮೀಟರಿನಲ್ಲಿ ನಿಲ್ಲಬಲ್ಲದು. ವೇಗ 50 ಆದರೆ ಅದಕ್ಕೆ ಸುಮಾರು 28 ಮೀಟರ್ ಬೇಕು. ಹದಿನೈದು ಮೀಟರ್ ಮುಂದಿರುವ ಸೈಕಲ್ ಸವಾರ ತಟ್ಟನೆ ಆಯತಪ್ಪಿ ಬಿದ್ದರೆ ಮೊದಲನೆಯ ಕಾರು ನಿಂತಿರುತ್ತದೆ, ಎರಡನೆಯದರ ವೇಗ ಇನ್ನೂ ಬಹುಮಟ್ಟಿಗೆ ತಗ್ಗಿರುವುದೇ ಇಲ್ಲ. ಮಳೆಗಾಲದಲ್ಲಿ ಈ ಅಂತರ ಮತ್ತಷ್ಟು ಹೆಚ್ಚುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ರಾಷ್ಟ್ರಗಳ ಸಚಿವರ ಸಮ್ಮೇಳನ, ಪಾದಚಾರಿ ಮತ್ತು ಸೈಕಲ್ ಸವಾರರು ವಾಹನಗಳೊಡನೆ ಬೆರೆಯುವ ಕಡೆಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಮಿತಿ ಇರಬೇಕೆಂದು ಸಾರಿದ್ದು ಇದೇ ಕಾರಣಕ್ಕೆ.

ಸೈಕಲ್ ಸವಾರರೇನು ನಿಯಮ ಪಾಲಿಸುತ್ತಾರೆಯೇ ಎಂಬ ಆಕ್ಷೇಪ ಕೇಳಿಬರುವುದುಂಟು. ಅದರಲ್ಲಿ ಸತ್ಯಾಂಶವಿದೆ. ಎದುರು ದಿಕ್ಕಿನಲ್ಲಿ ಬರುವವರು, ದೀಪವಿಲ್ಲದೆ ಕತ್ತಲಲ್ಲಿ ಸಾಗುವವರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಕಡಿಮೆಯೇನಿಲ್ಲ. ಅವರು ತಿದ್ದಿಕೊಳ್ಳಲೇಬೇಕು. ಆದರೆ ಹದಿನೈದು ಕಿಲೋ ತೂಕದ ಸೈಕಲ್ಲಿನ ತಪ್ಪು ಹೆಚ್ಚಾಗಿ ಅದರ ಸವಾರನನ್ನೇ ಬಲಿ ಪಡೆಯುತ್ತದೆ. ಒಂದು ಟನ್ನಿಗೂ ಮಿಗಿಲಾದ ಕಾರಿನ ತಪ್ಪು ಬೇರೊಬ್ಬರನ್ನು ಬಲಿ ಪಡೆಯುತ್ತದೆ. ಹಾನಿ ಮಾಡುವ ಶಕ್ತಿ ಯಾರಲ್ಲಿ ಹೆಚ್ಚಿದೆಯೋ ಅವರ ಹೊಣೆಯೂ ಹೆಚ್ಚು ಎಂಬುದು ನ್ಯಾಯ. ಬ್ರಿಟನ್ 2022ರ ಜನವರಿಯಲ್ಲಿ ತನ್ನ ಹೆದ್ದಾರಿ ಸಂಹಿತೆಯಲ್ಲಿ ಈ ತತ್ವವನ್ನು ಸ್ಪಷ್ಟವಾಗಿ ಅಳವಡಿಸಿಕೊಂಡಿತು. ಸೈಕಲ್ಲನ್ನು ಹಿಂದಿಕ್ಕುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕೆಂದಿತು. ಇಂದು ಸೈಕಲ್ಲಿನ ಸ್ವರ್ಗವೆನಿಸಿರುವ ನೆದರ್ಲೆಂಡ್ಸ್ ಕೂಡ ಹುಟ್ಟಿನಿಂದ ಹಾಗಿರಲಿಲ್ಲ. 1970ರ ದಶಕದಲ್ಲಿ ಮಕ್ಕಳ ಸಾವಿನಿಂದ ಕಂಗೆಟ್ಟ ತಂದೆತಾಯಿಯರು ಬೀದಿಗಿಳಿದ ಮೇಲೆಯೇ ಅಲ್ಲಿನ ರಸ್ತೆಗಳು ಬದಲಾದವು.

ಇನ್ನು ಡಿಕ್ಕಿ ಹೊಡೆದು ಪರಾರಿಯಾಗುವ ಪಿಡುಗು. 2022ರಲ್ಲಿ ಇಂತಹ ಪ್ರಕರಣಗಳಲ್ಲೇ 30,486 ಮಂದಿ ಸತ್ತರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಸೆಕ್ಷನ್, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾಗುವುದಕ್ಕೆ ಹಿಂದೆ ಇದ್ದ ಎರಡು ವರ್ಷಗಳ ಗರಿಷ್ಠ ಶಿಕ್ಷೆಯನ್ನು ಐದು ವರ್ಷಗಳಿಗೆ ಏರಿಸಿದೆ. ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ ಹತ್ತು ವರ್ಷಗಳವರೆಗಿನ ಶಿಕ್ಷೆ ವಿಧಿಸುವ ಉಪವಿಧಿಯನ್ನು ಮಾತ್ರ, 2024ರ ಜನವರಿಯಲ್ಲಿ ಲಾರಿ ಚಾಲಕರು ನಡೆಸಿದ ಮುಷ್ಕರದ ನಂತರ, ಸಂಹಿತೆಯ ಜೊತೆಗೆ ಜಾರಿಗೊಳಿಸಲಿಲ್ಲ. ನಿಂತರೆ ಗುಂಪು ಹೊಡೆದು ಕೊಲ್ಲುತ್ತದೆ ಎಂಬ ಚಾಲಕರ ಭಯ ಸುಳ್ಳಲ್ಲ. ಆದರೆ ಮೋಟಾರು ವಾಹನ ಕಾಯಿದೆಯ 134ನೆಯ ಸೆಕ್ಷನ್ ಈ ಭಯವನ್ನು ಮೊದಲೇ ಗಣನೆಗೆ ತೆಗೆದುಕೊಂಡಿದೆ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯ. ಗುಂಪಿನ ಆಕ್ರೋಶದಿಂದ ಅದು ಅಸಾಧ್ಯವಾದರೆ ಅಷ್ಟರ ಮಟ್ಟಿಗೆ ವಿನಾಯಿತಿ ಇದೆ. ಹತ್ತಿರದ ಪೊಲೀಸ್ ಠಾಣೆಗೆ ಆದಷ್ಟು ಬೇಗ, ತಪ್ಪಿದರೆ 24 ಗಂಟೆಗಳೊಳಗೆ ತಿಳಿಸುವುದು ಮಾತ್ರ ಕಡ್ಡಾಯ. ಸ್ಥಳದಿಂದ ದೂರ ಸರಿಯುವುದಕ್ಕೂ ತಲೆಮರೆಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದೇ. ಈ ಒಂದು ವಿಷಯವನ್ನು ಪ್ರತಿ ಚಾಲಕನಿಗೂ ಮನದಟ್ಟು ಮಾಡಿಸಿದರೆ ಎಷ್ಟೋ ಜೀವಗಳು ಉಳಿದಾವು, ಏಕೆಂದರೆ ಗಾಯಾಳುವಿನ ಪಾಲಿಗೆ ಮೊದಲ ಗಂಟೆಯೇ ನಿರ್ಣಾಯಕ.

ನೆರವಿಗೆ ಬರುವ ದಾರಿಹೋಕರಿಗೂ ರಕ್ಷಣೆಯಿದೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮಾರ್ಗಸೂಚಿಗಳಿಗೆ 2019ರ ತಿದ್ದುಪಡಿ ಕಾಯಿದೆಯ ಬಲವನ್ನೇ ನೀಡಿತು. ಸದುದ್ದೇಶದಿಂದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಮೊಕದ್ದಮೆಗೆ ಎಳೆಯುವಂತಿಲ್ಲ, ಹೆಸರು ಹೇಳುವಂತೆ ಒತ್ತಾಯಿಸುವಂತಿಲ್ಲ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೂ ಮೃತರ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ, ತೀವ್ರ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರ ನೀಡುವ ಯೋಜನೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಮ್ಮ ಮನೆಗೆ ಪತ್ರಿಕೆ ತರುವ ಹುಡುಗನ ತಾಯಿಗೆ ಇದು ತಿಳಿದಿರುವ ಸಂಭವ ಕಡಿಮೆ. ತಿಳಿಸಬೇಕಾದವರು ನಾವು, ಅರ್ಜಿ ಬರೆದುಕೊಡಬಲ್ಲವರೂ ನಾವೇ.

ನಮ್ಮ ಮನೆಗಳ ಒಳಗೂ ಒಮ್ಮೆ ನೋಡಿಕೊಳ್ಳೋಣ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ, 17 ವರ್ಷದ ಹುಡುಗ ಚಲಾಯಿಸುತ್ತಿದ್ದನೆಂದು ಆರೋಪಿಸಲಾದ ಐಷಾರಾಮಿ ಕಾರು ಬಡಿದು ಮೋಟಾರ್ ಸೈಕಲ್ಲಿನಲ್ಲಿದ್ದ ಇಬ್ಬರು ಯುವ ಎಂಜಿನಿಯರುಗಳು ಅಸುನೀಗಿದರು. ಅಪ್ರಾಪ್ತ ವಯಸ್ಕರ ಕೈಗೆ ವಾಹನ ಕೊಟ್ಟು ಅನಾಹುತವಾದರೆ ಪೋಷಕರಿಗೇ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಲು ಕಾಯಿದೆಯ 199ಎ ಸೆಕ್ಷನ್ ಅವಕಾಶ ನೀಡಿದೆ. ಶಿಕ್ಷೆಯ ಭಯಕ್ಕಿಂತ ಮಿಗಿಲಾದುದು ಸಂಸ್ಕಾರ. ಹದಿನೆಂಟು ತುಂಬುವ ಮೊದಲೇ ಮಗ ಕಾರು ಓಡಿಸುತ್ತಾನೆಂದು ಹೆಮ್ಮೆಪಡುವುದು, ಹಿಂದಿನ ಸೀಟಿನಲ್ಲಿ ಕುಳಿತು 'ಸ್ವಲ್ಪ ಬೇಗ ನಡಿಯಪ್ಪಾ' ಎಂದು ಚಾಲಕನನ್ನು ಅವಸರಿಸುವುದು, ಸಮಾರಂಭಕ್ಕೆ ತಡವಾಯಿತೆಂದು ಸೈಕಲ್ ಪಥದ ಮೇಲೆಯೇ ಕಾರು ನಿಲ್ಲಿಸುವುದು ಸುಸಂಸ್ಕೃತ ಕುಟುಂಬಗಳಿಗೆ ಶೋಭಿಸುವುದಿಲ್ಲ. ಟ್ಯಾಕ್ಸಿ ಚಾಲಕನ ನಿದ್ದೆಗೆಟ್ಟ ಕಣ್ಣುಗಳ ಹಿಂದೆ ಹದಿನಾಲ್ಕು ಗಂಟೆಗಳ ದುಡಿಮೆ ಇರಬಹುದೆಂಬುದನ್ನೂ ನಾವು ಮರೆಯಬಾರದು. ಆ ದುಡಿಮೆಯ ಲಾಭ ಪಡೆಯುವ ಮಾಲೀಕರಿಗೂ, ಕಂಪನಿಗಳಿಗೂ ಹೊಣೆಯಲ್ಲಿ ಪಾಲಿದೆ.

ಸೈಕಲ್ಲಿನೊಡನೆ ಕನ್ನಡಿಗರ ನಂಟು ಹೊಸದಲ್ಲ. 2006-07ರಲ್ಲಿ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆ ಆರಂಭಿಸಿದಾಗ ಹಳ್ಳಿಗಾಡಿನ ಎಷ್ಟೋ ಹೆಣ್ಣುಮಕ್ಕಳಿಗೆ ಹೈಸ್ಕೂಲಿನ ದಾರಿ ಸುಗಮವಾಯಿತು. 2017ರಲ್ಲಿ ಮೈಸೂರು 'ಟ್ರಿಣ್ ಟ್ರಿಣ್' ಹೆಸರಿನಲ್ಲಿ ಸಾರ್ವಜನಿಕ ಸೈಕಲ್ ಸೇವೆಯನ್ನು ತೆರೆದು ದೇಶದ ಗಮನ ಸೆಳೆಯಿತು. ಹೊರನಾಡಿನಲ್ಲಿರುವ ನಮ್ಮ ಸಂಘಗಳೂ ಮಾಡಬಹುದಾದ ಕಾರ್ಯಗಳಿವೆ. ತಂತಮ್ಮ ಬಡಾವಣೆಯ ಪತ್ರಿಕೆ ಮತ್ತು ಹಾಲು ತರುವವರ ಸೈಕಲ್ಲುಗಳಿಗೆ ಹಿಂಬದಿ ದೀಪ, ಪ್ರತಿಫಲಕ ಪಟ್ಟಿಗಳನ್ನು ಹಾಕಿಸಿಕೊಡಬಹುದು. ಇದಕ್ಕೆ ತಗಲುವ ವೆಚ್ಚ ಒಂದು ಸನ್ಮಾನ ಸಮಾರಂಭದ ಹಾರ ತುರಾಯಿಗಳಿಗಿಂತ ಹೆಚ್ಚಲ್ಲ. ಸಾರಿಗೆ ಅಧಿಕಾರಿಗಳನ್ನು ಆಹ್ವಾನಿಸಿ ಸದಸ್ಯರಿಗೂ ಅವರ ಕಾರು ಚಾಲಕರಿಗೂ ಒಂದು ಸಂಜೆಯ ಮಾಹಿತಿ ಶಿಬಿರ ನಡೆಸಬಹುದು. ಸೈಕಲ್ ಪಥಗಳ ದುರವಸ್ಥೆಯ ಬಗ್ಗೆ ಸ್ಥಳೀಯ ನಗರಪಾಲಿಕೆಗೆ ಸಂಘದ ಹೆಸರಿನಲ್ಲೇ ಮನವಿ ಸಲ್ಲಿಸಬಹುದು.

ರಸ್ತೆ ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಮೇಲೆ ಲಾರಿಗಿರುವಷ್ಟೇ ಹಕ್ಕು ಸೈಕಲ್ಲಿಗೂ ಇದೆ. ಸೈಕಲ್ ಸವಾರನನ್ನು ಹಿಂದಿಕ್ಕುವಾಗ ಒಂದೂವರೆ ಮೀಟರ್ ಅಂತರ ಬಿಟ್ಟರೆ, ಬಾಗಿಲು ತೆರೆಯುವ ಮುನ್ನ ಒಮ್ಮೆ ಹಿಂತಿರುಗಿ ನೋಡಿದರೆ ನಾವು ಕಳೆದುಕೊಳ್ಳುವುದು ಕೆಲವು ಕ್ಷಣಗಳನ್ನು ಮಾತ್ರ. ನಾಳೆ ಕಾರಿನ ಕೀಲಿ ಕೈಗೆತ್ತಿಕೊಳ್ಳುವಾಗ ಪ್ರತಿಯೊಬ್ಬರೂ ಇದನ್ನು ನೆನಪಿನಲ್ಲಿಟ್ಟುಕೊಳ್ಳಲಿ, ಮನೆಯ ಮಕ್ಕಳಿಗೂ ಚಾಲಕರಿಗೂ ತಿಳಿಹೇಳಲಿ ಎಂಬುದು ನಮ್ಮ ವಿನಮ್ರ ಕೋರಿಕೆ.