ಹಣ ವಾಪಸಿನ ತಕರಾರಿಗೆ ಕಟ್ಟೆ ಎಲ್ಲಿದೆ?

ಅಂಗಡಿಯಲ್ಲಿ ಕೊಂಡ ವಸ್ತು ದೋಷಪೂರಿತವಾಗಿದ್ದರೆ ಎಲ್ಲಿ ದೂರಬೇಕೆಂಬುದು ಇಂದು ಬಹುತೇಕರಿಗೆ ಗೊತ್ತು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಮೈಸೂರು ಗ್ರಾಹಕರ ಪರಿಷತ್ತಿನಂತಹ ಸಂಸ್ಥೆಗಳೂ ಮೂಡಿಸಿದ ಅರಿವು ಅದು. ಆದರೆ ಮನೆಯಲ್ಲಿದ್ದ ವಸ್ತುವನ್ನು ವ್ಯಕ್ತಿಯೊಬ್ಬರು ಅಂತರ್ಜಾಲದ ಮೂಲಕ ಅಪರಿಚಿತರಿಗೆ ಮಾರಿದಾಗ ಏಳುವ ವ್ಯಾಜ್ಯದ ಸ್ಥಿತಿ ಬೇರೆ.

ಸರಸ್ವತಿಪುರಂ ನಿವಾಸಿಯೊಬ್ಬರು ತಮ್ಮ ದುಬಾರಿ ವಿದೇಶಿ ಕೈಗಡಿಯಾರದ ಚರ್ಮದ ಪಟ್ಟಿಯನ್ನು ‘ಅಸಲಿ’ ಎಂದು ಹೇಳಿ ಪುಣೆಯವರಿಗೆ 15 ಸಾವಿರ ರೂಪಾಯಿಗೆ ಮಾರಿದರು ಎಂದಿಟ್ಟುಕೊಳ್ಳೋಣ. ವಾರದ ಬಳಿಕ ಕೊಂಡವರು ‘ಇದು ನಕಲಿ, ಹಣ ವಾಪಸು ಕೊಡಿ’ ಎನ್ನುತ್ತಾರೆ. ತಾವು ಕಳುಹಿಸಿದ ಪಟ್ಟಿಯೇ ಮರಳಿ ಬರುತ್ತದೆಂಬ ಖಾತರಿ ಮಾರಿದವರಿಗಿಲ್ಲ. ಪಟ್ಟಿ ಮರಳಿಸಿದರೆ ಹಣ ಬಂದೀತೆಂಬ ಭರವಸೆ ಕೊಂಡವರಿಗಿಲ್ಲ. ಇಬ್ಬರೂ ಪ್ರಾಮಾಣಿಕರೇ ಇರಬಹುದು. ಅದನ್ನು ಪರಸ್ಪರ ಸಾಬೀತುಪಡಿಸುವ ದಾರಿಯಿಲ್ಲ.

2019ರ ಹೊಸ ಗ್ರಾಹಕ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ದೋಷಪೂರಿತ ಸರಕನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ವಾಪಸು ಪಡೆಯಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಆದರೆ ಅದೇ ವರ್ಷದ ಇ-ವಾಣಿಜ್ಯ ನಿಯಮಗಳು, ನಿಯತವಾಗಿ ವ್ಯಾಪಾರ ಮಾಡದೆ ವೈಯಕ್ತಿಕ ನೆಲೆಯಲ್ಲಿ ಮಾರುವವರಿಗೆ ಅನ್ವಯಿಸುವುದಿಲ್ಲ. ಅಂಥವರನ್ನು ಆಯೋಗದ ಮುಂದೆ ‘ವ್ಯಾಪಾರಿ’ ಎಂದು ಸ್ಥಾಪಿಸುವುದೂ ಸುಲಭವಲ್ಲ. ಪೊಲೀಸರ ಬಳಿ ಹೋದರೆ, ಆರಂಭದಿಂದಲೇ ವಂಚನೆಯ ಉದ್ದೇಶವಿತ್ತೆಂದು ತೋರಿಸಬೇಕು.

ಹಾಗೆಂದು ಮಾರಿದವರಿಗೆ ಹೊಣೆಯೇ ಇಲ್ಲವೆಂದಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ವಿವರಣೆ ನೀಡಿ ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕು. ‘ಅಸಲಿ’ ಎಂಬ ಒಂದು ಪದವೇ ಷರತ್ತಾಗುತ್ತದೆ. ಆದರೆ 15 ಸಾವಿರಕ್ಕಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತುವವರು ವಿರಳ.

ಇದರ ಆರ್ಥಿಕ ಪರಿಣಾಮ ಗಂಭೀರ. ಸರಕಿನ ಗುಣಮಟ್ಟ ಮಾರುವವನಿಗಷ್ಟೇ ತಿಳಿದಿದ್ದರೆ ಉತ್ತಮ ಸರಕು ಮಾರುಕಟ್ಟೆಯಿಂದಲೇ ಹೊರಬೀಳುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲೇ ತೋರಿಸಿದರು. ನಂಬಿಕೆ ಕುಸಿದರೆ ನಷ್ಟ ಇಬ್ಬರಿಗಷ್ಟೇ ಅಲ್ಲ.

ಪರಿಹಾರ ದುಬಾರಿಯಲ್ಲ. ಮಾರಾಟಕ್ಕೆ ವೇದಿಕೆ ಒದಗಿಸುವ ಸಂಸ್ಥೆಗಳು, ಕೊಂಡವರು ಪರೀಕ್ಷಿಸಿ ಒಪ್ಪುವವರೆಗೆ ಹಣವನ್ನು ತಮ್ಮಲ್ಲೇ ಇರಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಬೇಕು. ದಾವೆಗೆ ಮುನ್ನವೇ ವ್ಯಾಜ್ಯ ಇತ್ಯರ್ಥಪಡಿಸುವ ಅವಕಾಶ ಲೋಕ ಅದಾಲತ್‌ಗಿದೆ. ಅಲ್ಲಿನ ರಾಜಿ ಸಿವಿಲ್ ಡಿಕ್ರಿಗೆ ಸಮಾನ. 2020ರಲ್ಲಿ ಕರ್ನಾಟಕ ಇ-ಲೋಕ ಅದಾಲತ್ ನಡೆಸಿದೆ. ಇಂಥ ಅಂತರರಾಜ್ಯ ಸಣ್ಣ ತಕರಾರುಗಳಿಗೆ ಆ ಮಾದರಿಯನ್ನು ಕಾಯಂಗೊಳಿಸಬಹುದು.

ಅಲ್ಲಿಯವರೆಗೆ ಎಚ್ಚರವೇ ರಕ್ಷೆ. ಮಾರುವವರು ವಸ್ತುವಿನ ಗುರುತುಗಳ ಛಾಯಾಚಿತ್ರ, ಕಟ್ಟುವಾಗಿನ ವಿಡಿಯೊ, ಲಿಖಿತ ಷರತ್ತುಗಳನ್ನು ಇಟ್ಟುಕೊಳ್ಳಲಿ. ತಮಗೆ ಖಚಿತವಿಲ್ಲದಿದ್ದರೆ ‘ಅಸಲಿ’ ಎನ್ನದಿರಲಿ. ಕೊಂಡವರು ಪೊಟ್ಟಣ ಬಿಚ್ಚುವುದನ್ನು ಚಿತ್ರೀಕರಿಸಿ, ದೋಷ ಕಂಡ ಕೂಡಲೇ ಬರಹದಲ್ಲಿ ತಿಳಿಸಲಿ. ವಸ್ತು ಮರಳಿ ಬಂದು, ಗುರುತು ತಾಳೆಯಾದ ಮೇಲೆ, ಹಣ ಬಂದ ಖಾತೆಗೇ ಹಿಂತಿರುಗಲಿ. ಮಾತಿಗಿಂತ ದಾಖಲೆ ಮುಖ್ಯವೆಂಬ ಕಚೇರಿಯ ಹಳೆಯ ಪಾಠ ಮನೆಯ ವ್ಯಾಪಾರಕ್ಕೂ ಅನ್ವಯಿಸುತ್ತದೆ.